ವ್ಯಸನಮುಕ್ತಿ ಕೇಂದ್ರ ತೆರೆಯುವುದು ಹೇಗೆ? ಕಟ್ಟಡ ಹುಡುಕುವ ಮೊದಲು ಇದನ್ನು ಓದಿ

"ನಮ್ಮೂರಲ್ಲಿ ಕುಡಿತ ಬಿಡಿಸೋ ಸೆಂಟರ್ ಶುರು ಮಾಡ್ಬೇಕು, ಲೈಸೆನ್ಸ್ ಎಲ್ಲಿ ಸಿಗುತ್ತೆ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಕುಡಿತಕ್ಕೆ ಅಣ್ಣನನ್ನು ಕಳೆದುಕೊಂಡವರಿದ್ದಾರೆ. ತಾವೇ ಕುಡಿತ ಬಿಟ್ಟು ಹತ್ತು ವರ್ಷ ಆದವರಿದ್ದಾರೆ. ತೋಟದ ಮನೆ ಖಾಲಿ ಬಿದ್ದಿದೆ, ಏನಾದರೂ ಒಳ್ಳೆಯದು ಮಾಡೋಣ ಅನ್ನುವವರೂ ಇದ್ದಾರೆ.

ಕೇಂದ್ರಗಳು ಬೇಕು, ಅದರಲ್ಲಿ ಅನುಮಾನವಿಲ್ಲ. ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಮನೆಯಲ್ಲೇ ಇದ್ದಾರೆ.

ಲೈಸೆನ್ಸ್ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಈ ಕೆಲಸದಲ್ಲಿ ಎಡವಿದರೆ ಜೀವ ಹೋಗುತ್ತದೆ. ನಾನು ಕೌನ್ಸೆಲರ್ ಆಗಿ ಸೇರಿದ ಮೊದಲ ಕೇಂದ್ರದಲ್ಲಿ ರಾತ್ರಿ ನರ್ಸ್ ಇರಲಿಲ್ಲ. ಒಂದು ಸಂಜೆ ಒಬ್ಬರು ಸೇರಿದರು. ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಟೀ ಪಂಚೆ ಮೇಲೆ ಚೆಲ್ಲುತ್ತಿತ್ತು. "ನಾಳೆ ಡಾಕ್ಟರ್ ಬರ್ತಾರೆ, ತೋರಿಸೋಣ" ಎಂದು ಎಲ್ಲರೂ ಮಲಗಿದೆವು. ನಡುರಾತ್ರಿ ಅವರಿಗೆ ಫಿಟ್ಸ್ ಬಂತು. ವಾರ್ಡ್ ಹುಡುಗ ಓಡಿ ಬಂದು ಅವರ ಕೈಗೆ ಬೀಗದ ಕೀ ಹಿಡಿಸಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಗಾಡಿ ಸಿಗುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಅವರು ಬದುಕಿದರು. ಅದರಲ್ಲಿ ನಮ್ಮ ಕೆಲಸ ಏನೂ ಇರಲಿಲ್ಲ.

ಮುಂದಿನ ಹಂತಗಳನ್ನೆಲ್ಲ ಆ ರಾತ್ರಿ ನೆನಪಿಟ್ಟುಕೊಂಡೇ ಬರೆದಿದ್ದೇನೆ.

1. ಯಾರಿಗಾಗಿ ತೆರೆಯುತ್ತೀರಿ?

ಮೊದಲ ವರ್ಷ 10ರಿಂದ 15 ಹಾಸಿಗೆ ಸಾಕು. ದೊಡ್ಡವರಿಗೆ ಮಾತ್ರ, ಅದರಲ್ಲೂ ಗಂಡಸರಿಗೆ ಮಾತ್ರ ಅಥವಾ ಹೆಂಗಸರಿಗೆ ಮಾತ್ರ ಎಂದು ತೀರ್ಮಾನಿಸಿ. ಹೆಂಗಸರಿಗೆ ಇಂಥ ಜಾಗ ತುಂಬಾ ಕಡಿಮೆ. ಆದರೆ ಅದಕ್ಕೆ ಬೇರೆ ಕಟ್ಟಡ, ರಾತ್ರಿ ಹೊತ್ತೂ ಮಹಿಳಾ ಸಿಬ್ಬಂದಿ ಬೇಕು. ಒಂದೇ ಮನೆಯ ಮಹಡಿ ಮೇಲೆ ಹೆಂಗಸರು, ಕೆಳಗೆ ಗಂಡಸರು ಅನ್ನೋ ಏರ್ಪಾಡು ಬೇಡ. 18 ವರ್ಷದೊಳಗಿನ ಮಕ್ಕಳನ್ನು ದೊಡ್ಡವರ ಜೊತೆ ಇಡುವಂತೆಯೇ ಇಲ್ಲ.

ಯಾವ ಚಟ ಅನ್ನೋದನ್ನೂ ಯೋಚಿಸಿ. ಮದ್ಯ ಒಂದು ಥರ. ಟಪೆಂಟಡಾಲ್‌ನಂಥ ನೋವಿನ ಮಾತ್ರೆ, ಹೆರಾಯಿನ್ ಇನ್ನೊಂದು ಥರ. ಗಾಂಜಾದಿಂದ ತಲೆ ಕೆಟ್ಟು ಯಾರೋ ಕೂಗುತ್ತಾರೆ, ಯಾರೋ ಹಿಂಬಾಲಿಸುತ್ತಾರೆ ಎನ್ನುವವರಿಗೆ ಮೊದಲು ಮನೋವೈದ್ಯರ ಆಸ್ಪತ್ರೆ ಬೇಕು, ನಿಮ್ಮ ಕೇಂದ್ರ ಆಮೇಲೆ.

ಊರೂರಲ್ಲಿ ನಡೆಯುವ ಎಂಟು ದಿನದ ಮದ್ಯವರ್ಜನ ಶಿಬಿರ ನೋಡಿ "ಇದನ್ನೇ ತಿಂಗಳುಗಟ್ಟಲೆ ಮಾಡಿದ್ರಾಯ್ತು" ಅಂದುಕೊಳ್ಳುವವರಿದ್ದಾರೆ. ಶಿಬಿರಕ್ಕೆ ಊರೇ ನಿಂತಿರುತ್ತದೆ, ಕೆಲವೇ ದಿನದ ಮಾತು. ಕೇಂದ್ರ ಎಂದರೆ ವರ್ಷದ 365 ದಿನ, ಯುಗಾದಿಯ ರಾತ್ರಿಯೂ ಸೇರಿ, ಒಬ್ಬರಾದರೂ ಎಚ್ಚರ ಇರಬೇಕಾದ ಜಾಗ.

2. ಸಂಸ್ಥೆ ಮತ್ತು ದುಡ್ಡು

ಟ್ರಸ್ಟ್, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ, ಅಥವಾ ಕಂಪನಿ ಕಾಯ್ದೆಯ ಸೆಕ್ಷನ್ 8ರ ಲಾಭರಹಿತ ಕಂಪನಿ, ಯಾವುದಾದರೂ ಆಗುತ್ತದೆ. ಒಳ್ಳೆಯ ಆಡಿಟರ್ ಹತ್ತಿರ ಕೂತರೆ ಪಾನ್, ಬ್ಯಾಂಕ್ ಖಾತೆ, ದೇಣಿಗೆಗೆ ತೆರಿಗೆ ವಿನಾಯಿತಿ ಕೊಡುವ 80ಜಿ ಎಲ್ಲ ಮುಗಿಯುತ್ತದೆ.

ಸರ್ಕಾರದ ಅನುದಾನ ನಂಬಿ ಶುರು ಮಾಡಬೇಡಿ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಸ್ವಯಂಸೇವಾ ಸಂಸ್ಥೆಗಳ ಕೇಂದ್ರಗಳಿಗೆ ನೆರವು ಕೊಡುತ್ತದೆ, ನಿಜ. ಅಂಥವಕ್ಕೆ 'ಇರ್ಕಾ' ಎನ್ನುತ್ತಾರೆ, ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರ ಎಂದರ್ಥ. ಆದರೆ ಅದಕ್ಕೆ ಕೆಲಸ ಮಾಡಿ ತೋರಿಸಿದ ದಾಖಲೆ ಇರಬೇಕು. ಆರು ತಿಂಗಳ ಬಾಡಿಗೆ, ಸಂಬಳ, ದಿನಸಿ, ಔಷಧಿಗೆ ಆಗುವಷ್ಟು ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಬಾಗಿಲು ತೆರೆಯಿರಿ. ದುಡ್ಡು ಸಾಲದ ಕೇಂದ್ರ ಮೊದಲು ಬಿಡಿಸುವುದು ರಾತ್ರಿ ನರ್ಸನ್ನೇ.

ಶುಲ್ಕವನ್ನು ಬರೆದು ಗೋಡೆಗೆ ಹಾಕಿ. ಔಷಧಿ, ರಕ್ತಪರೀಕ್ಷೆ ಬೇರೆಯಾದರೆ ಅದನ್ನೂ ಬರೆಯಿರಿ. ಹೆಂಡತಿಯ ಓಲೆ ಅಡ ಇಟ್ಟ ದುಡ್ಡು ಅದು.

3. ನೋಂದಣಿ: ಇಲ್ಲಿ ಅಡ್ಡದಾರಿ ಇಲ್ಲ

"ಡಾಕ್ಟರ್ ಇಲ್ಲ, ಬರೀ ಯೋಗ, ಪ್ರಾರ್ಥನೆ, ಕೌನ್ಸೆಲಿಂಗ್. ನಮಗೂ ಲೈಸೆನ್ಸ್ ಬೇಕಾ?" ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ 'ಮಾನಸಿಕ ಕಾಯಿಲೆ' ಎಂಬ ಮಾತಿಗೆ ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ಮಾನಸಿಕ ಸ್ಥಿತಿಯೂ ಸೇರಿದೆ. ಅಂಥವರನ್ನು ಇರಿಸಿಕೊಂಡು ಆರೈಕೆ ಅಥವಾ ಪುನರ್ವಸತಿ ಮಾಡುವ ಯಾವುದೇ ಜಾಗ ಕಾನೂನಿನ ಕಣ್ಣಲ್ಲಿ 'ಮಾನಸಿಕ ಆರೋಗ್ಯ ಸಂಸ್ಥೆ'. ಆಯುರ್ವೇದ, ಯೋಗ ಕೇಂದ್ರವಾದರೂ ಅಷ್ಟೇ. ಮನೆಯವರು ತಮ್ಮ ಮನೆಯಲ್ಲೇ ನೋಡಿಕೊಳ್ಳುವುದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

ಅರ್ಜಿ ಹಾಕಬೇಕಾದದ್ದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ. ಮೊದಲು ಸಿಗುವುದು ತಾತ್ಕಾಲಿಕ ನೋಂದಣಿ. ಕಾಯ್ದೆಯ ಪ್ರಕಾರ ಅರ್ಜಿ ತಲುಪಿದ 10 ದಿನದೊಳಗೆ ಕೊಡಬೇಕು, ಅದು 12 ತಿಂಗಳು ನಡೆಯುತ್ತದೆ. ಆಮೇಲೆ ಕನಿಷ್ಠ ಗುಣಮಟ್ಟ ಇದೆಯಾ ಎಂದು ನೋಡಿ ಕಾಯಂ ನೋಂದಣಿ. ಮೂರು ವರ್ಷಕ್ಕೊಮ್ಮೆ ತಪಾಸಣೆ.

ಜೊತೆಗೆ ಬೇಕಾದವು: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಮಟ್ಟದ ನೋಂದಣಿ (ಎಲ್ಲರೂ ಕೆಪಿಎಂಇ ಅನ್ನುವುದು ಇದನ್ನೇ), ಸ್ಥಳೀಯ ಸಂಸ್ಥೆಯ ಪರವಾನಗಿ, ಅಗ್ನಿ ಸುರಕ್ಷತೆ, ಸೂಜಿ-ಸಿರಿಂಜಿನಂಥ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಒಮ್ಮೆ ನೀವೇ ಹೋಗಿ ಪಟ್ಟಿ ಬರೆದುಕೊಂಡು ಬನ್ನಿ. ಏಜೆಂಟರ ಕೈಗೆ ಫೈಲ್ ಕೊಟ್ಟವರಿಗೆ ತಮ್ಮ ಕೇಂದ್ರದ ಷರತ್ತುಗಳೇ ಗೊತ್ತಿರುವುದಿಲ್ಲ.

ಪ್ರಾಧಿಕಾರದ ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿವರೆಗೆ ದಂಡ. ಎರಡನೇ ಸಲ 2 ಲಕ್ಷದವರೆಗೆ, ಮತ್ತೂ ಮುಂದುವರಿಸಿದರೆ 5 ಲಕ್ಷದವರೆಗೆ. ದಂಡವನ್ನಾದರೂ ಕಟ್ಟಬಹುದು. ನೋಂದಣಿ ಇಲ್ಲದ ಜಾಗದಲ್ಲಿ ಯಾರಿಗಾದರೂ ಏನಾದರೂ ಆದರೆ ಉತ್ತರ ಕೊಡುವುದು ಹೇಗೆ?

4. ಕಟ್ಟಡ

ರಾತ್ರಿ ಹೊತ್ತು ಅರ್ಧ ಗಂಟೆಯಲ್ಲಿ ಐಸಿಯು ಇರುವ ಆಸ್ಪತ್ರೆ ಮುಟ್ಟುವಂತಿರಬೇಕು. ಊರಿಂದ ದೂರ, ಕಾಡಿನ ಮಧ್ಯೆ, ಶಾಂತ ವಾತಾವರಣ ಎಂದು ಆಸೆಪಡಬೇಡಿ. ಮೊದಲ ವಾರದ ರೋಗಿಗೆ ಶಾಂತಿಗಿಂತ ಆಸ್ಪತ್ರೆ ಮುಖ್ಯ.

ಮನೆ ನೋಡಲು ಹೋದಾಗ ಇವನ್ನು ಗಮನಿಸಿ. ಬಾತ್‌ರೂಮ್ ಚಿಲಕ ಹೊರಗಿಂದಲೂ ತೆಗೆಯುವಂತಿರಲಿ. ಮದ್ಯ ಬಿಟ್ಟ ಮೊದಲ ದಿನಗಳಲ್ಲಿ ಸಾಯುವ ಯೋಚನೆ ಬರುವುದುಂಟು, ಹಾಗಾಗಿ ಫ್ಯಾನಿನ ಕೊಕ್ಕೆ, ಕಿಟಕಿ ಸರಳು, ಬಟ್ಟೆ ಒಣಗಿಸುವ ಹಗ್ಗ ಎಲ್ಲವನ್ನೂ ಆ ಕಣ್ಣಿನಿಂದ ನೋಡಿ. ಬಾವಿ ಇದ್ದರೆ ಮುಚ್ಚಿಸಿ. ಹೊಸದಾಗಿ ಸೇರಿದವರು ಕೆಳಗಿನ ಮಹಡಿಯಲ್ಲಿ, ನರ್ಸ್ ಕೂರುವ ಜಾಗದಿಂದ ಕಾಣುವಂತೆ ಮಲಗಬೇಕು. ಫಿನೈಲ್, ಆಫ್ಟರ್‌ಶೇವ್, ಹ್ಯಾಂಡ್ ಸ್ಯಾನಿಟೈಸರ್ ಬೀಗದೊಳಗಿರಲಿ. ಸ್ಯಾನಿಟೈಸರ್‌ನಲ್ಲಿ ಇರುವುದೂ ಆಲ್ಕೋಹಾಲೇ, ಅದನ್ನು ಕುಡಿಯುವವರಿದ್ದಾರೆ.

ಬೀಗ ಇರಬೇಕಾದದ್ದು ಔಷಧಿ ಬೀರುವಿಗೆ. ಮನುಷ್ಯರನ್ನು ಕೂಡಿ ಹಾಕುವ ಕೋಣೆ ಕಟ್ಟಿಸಬೇಡಿ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ, ಸರಪಳಿ ಹಾಕುವುದನ್ನೂ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

5. ಸಿಬ್ಬಂದಿ

15 ಹಾಸಿಗೆಗೆ ಕನಿಷ್ಠ ಇಷ್ಟಾದರೂ ಬೇಕು ಎನ್ನುವುದು ನನ್ನ ಅಭಿಪ್ರಾಯ. ಹೊಸಬರನ್ನು ಸೇರಿದ ದಿನವೇ ನೋಡುವ, ಫೋನ್ ಎತ್ತುವ ಒಬ್ಬ ಮನೋವೈದ್ಯರು. ಹತ್ತಿರದ ಎಂಬಿಬಿಎಸ್ ಡಾಕ್ಟರ್ ಒಬ್ಬರು. ಹಗಲೂ ರಾತ್ರಿ ಪಾಳಿಯಲ್ಲಿ ನರ್ಸ್. ತರಬೇತಾದ ಇಬ್ಬರು ಕೌನ್ಸೆಲರ್, ವಾರ್ಡ್ ಸಹಾಯಕರು, ಒಬ್ಬ ಅಡುಗೆಯವರು. ಮನೋವೈದ್ಯರ ಹೆಸರನ್ನು ಬೋರ್ಡಿಗೆ ಮಾತ್ರ ಬಾಡಿಗೆಗೆ ತರುವ ಪದ್ಧತಿ ಇದೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ವೈದ್ಯರಿಗೂ ಕೌನ್ಸೆಲರ್‌ಗಳಿಗೂ ಆನ್‌ಲೈನಿನಲ್ಲೇ ತರಬೇತಿ ಕೊಡುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ತಾವೇ ಚಟ ಬಿಟ್ಟವರನ್ನು ಕೆಲಸಕ್ಕೆ ತೆಗೆದುಕೊಳ್ಳಿ. ರೋಗಿ ಅವರ ಮಾತು ಕೇಳಿದಷ್ಟು ನಮ್ಮ ಮಾತು ಕೇಳುವುದಿಲ್ಲ. ಆದರೆ ಬಿಟ್ಟು ಎರಡು ವರ್ಷವಾದರೂ ಆಗಿರಲಿ, ಸಂಬಳ ಕೊಡಿ, ಔಷಧಿ ಬೀರುವಿನ ಕೀ ಮಾತ್ರ ಅವರ ಕೈಗೆ ಬೇಡ. ಅವರ ಮೇಲೆ ನಂಬಿಕೆ ಇಲ್ಲ ಎಂದಲ್ಲ, ಅವರನ್ನು ಕಾಪಾಡುವುದಕ್ಕೆ.

6. ಸೇರಿಸಿಕೊಳ್ಳುವಾಗ

ಅತಿ ಹೆಚ್ಚು ತಪ್ಪುಗಳು ಇಲ್ಲೇ ಆಗುತ್ತವೆ. ಮನೆಯವರು ಫೋನ್ ಮಾಡಿ, "ಅವ್ರು ಬರಲ್ಲ, ನೀವೇ ಬಂದು ಎತ್ತಾಕಿಕೊಂಡು ಹೋಗಿ" ಎನ್ನುತ್ತಾರೆ. ಇದಕ್ಕೆ 'ಪಿಕಪ್' ಎಂದು ಹೆಸರಿದೆ. ನಾಲ್ಕು ಜನ ಹೋಗಿ ಕೈಕಾಲು ಕಟ್ಟಿ ಗಾಡಿಗೆ ಹಾಕುವುದು. ಮಾಡಬೇಡಿ. ಅದು ಅಪರಾಧ, ಮತ್ತು ಹಾಗೆ ಬಂದವರು ಆಮೇಲೆ ನಿಮ್ಮನ್ನು ನಂಬುವುದಿಲ್ಲ.

ಕಾಯ್ದೆಯಲ್ಲಿ ಎರಡು ದಾರಿ ಇವೆ.

ಮೊದಲನೆಯದು ಸ್ವಂತ ಇಚ್ಛೆಯ ದಾಖಲಾತಿ. ಅವರೇ ಅರ್ಜಿಗೆ ಸಹಿ ಹಾಕುತ್ತಾರೆ. ಬಿಡಿ ಎಂದರೆ ಬಿಡಬೇಕು. ಅಪಾಯ ಇದೆ ಎಂದು ಅನಿಸಿದರೆ ಮಾತ್ರ, ಪರೀಕ್ಷೆಗಾಗಿ 24 ಗಂಟೆ ತಡೆಯಲು ಮಾನಸಿಕ ಆರೋಗ್ಯ ತಜ್ಞರಿಗೆ ಅಧಿಕಾರ ಇದೆ.

ಎರಡನೆಯದು ಬೆಂಬಲಿತ ದಾಖಲಾತಿ, ಸೆಕ್ಷನ್ 89. ತಮಗೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿ, ಅಥವಾ ತಮ್ಮನ್ನು ತಾವೇ ನೋಡಿಕೊಳ್ಳಲಾಗದ ಸ್ಥಿತಿ ಇದ್ದಾಗ ಮಾತ್ರ ಇದು. 'ನಾಮನಿರ್ದೇಶಿತ ಪ್ರತಿನಿಧಿ', ಅಂದರೆ ರೋಗಿಯ ಪರವಾಗಿ ಮಾತಾಡಲು ನೇಮಕವಾದ ಆಪ್ತರು, ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಅಥವಾ ಡಾಕ್ಟರ್ ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಗರಿಷ್ಠ 30 ದಿನ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ 7 ದಿನದೊಳಗೆ ತಿಳಿಸಬೇಕು, ಹೆಂಗಸರು ಅಥವಾ ಮಕ್ಕಳಾದರೆ 3 ದಿನದೊಳಗೆ. 30 ದಿನ ದಾಟಿಸಬೇಕಾದರೆ ಇಬ್ಬರು ಮನೋವೈದ್ಯರ ಪರೀಕ್ಷೆ, ಮಂಡಳಿಯ ಒಪ್ಪಿಗೆ ಬೇಕು.

"ಆರು ತಿಂಗಳು ಒಳಗೇ ಇಟ್ಕೊಳ್ಳಿ, ದುಡ್ಡು ಎಷ್ಟಾದ್ರೂ ಕೊಡ್ತೀವಿ" ಎನ್ನುವ ಮನೆಯವರಿಗೆ ಇದನ್ನು ಮೊದಲ ದಿನವೇ ಹೇಳಿ. ಕೆಲವರ ಮನಸ್ಸಿನಲ್ಲಿ ಆಸ್ತಿ ಜಗಳವೂ ಇರುತ್ತದೆ. ರೋಗಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಹದಿನೈದು ನಿಮಿಷ ಮಾತಾಡಿ, ಆಗ ತಿಳಿಯುತ್ತದೆ.

ಸೇರಿಸಿಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳು: ಕೊನೆಯದಾಗಿ ಕುಡಿದದ್ದು ಯಾವಾಗ, ಎಷ್ಟು ಗಂಟೆಗೆ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಬಡಬಡಿಸಿದ್ದರಾ? ನಿದ್ದೆ ಮಾತ್ರೆ ತಗೊಳ್ತಾರಾ? ಸಕ್ಕರೆ ಕಾಯಿಲೆ, ಕಾಮಾಲೆ, ತಲೆಗೆ ಪೆಟ್ಟು? ಮೊದಲ ಮೂರರ ಉತ್ತರ ಪುಸ್ತಕದ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿರಲಿ. ಹಿಂದೆ ಫಿಟ್ಸ್ ಬಂದವರು, ಈಗಾಗಲೇ ಬಡಬಡಿಸುತ್ತಿರುವವರು, ರಕ್ತ ವಾಂತಿ ಆದವರು ನೇರ ಆಸ್ಪತ್ರೆಗೆ ಹೋಗಲಿ. ಬೇಡ ಎನ್ನುವುದಕ್ಕೆ ಸಂಕೋಚ ಪಡಬೇಡಿ.

7. ಮೊದಲ ಐದು ದಿನ

ದೇಹದಿಂದ ಮದ್ಯ ಇಳಿಯುವ ಈ ಅವಧಿಗೆ 'ಡಿಟಾಕ್ಸ್' ಎನ್ನುತ್ತಾರೆ. ಬಿಟ್ಟಾಗ ಆಗುವ ತೊಂದರೆಗಳಿಗೆ 'ವಿತ್‌ಡ್ರಾವಲ್'.

ಕೊನೆಯ ಗುಟುಕಿನಿಂದ ಲೆಕ್ಕ ಹಾಕಿ. ಆರೆಂಟು ಗಂಟೆಗೆ ಕೈ ನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ 'ಡೆಲಿರಿಯಂ' ಆಗುತ್ತದೆ. ಗೋಡೆ ಮೇಲೆ ಹುಳ ಕಾಣುತ್ತದೆ, ಹೆಂಡತಿಯ ಗುರುತು ಸಿಗುವುದಿಲ್ಲ, ಇಲ್ಲದ ಬೀಡಿಯನ್ನು ಬೆರಳಲ್ಲಿ ಹೊಸೆಯುತ್ತಾರೆ. ಇದು ಹಠವಲ್ಲ, ದೆವ್ವವೂ ಅಲ್ಲ. ಪ್ರಾಣಕ್ಕೆ ಕುತ್ತು ತರುವ ಸ್ಥಿತಿ. ತಕ್ಷಣ ಆಸ್ಪತ್ರೆಗೆ.

ಹೀಗೆ ಆಗದಂತೆ ತಡೆಯಲು ಡಾಕ್ಟರು ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಥರದ ಔಷಧಿ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಎಷ್ಟು, ಎಷ್ಟು ದಿನ ಅನ್ನುವುದು ಅವರ ತೀರ್ಮಾನ. ಹಳೇ ರೋಗಿಯ ಚೀಟಿ ನೋಡಿ ಹೊಸಬರಿಗೆ ಕೊಡುವ ಅಭ್ಯಾಸ ಯಾವ ಕಾರಣಕ್ಕೂ ಬೇಡ. ನಡುಕ, ಬೆವರು, ಗಾಬರಿಗಳಿಗೆ ಅಂಕ ಕೊಡುವ 'ಸಿವಾ' ಎಂಬ ಹತ್ತು ಅಂಶದ ಪಟ್ಟಿ ಇದೆ. ಎಷ್ಟೆಷ್ಟು ಗಂಟೆಗೆ ಅಂಕ ಹಾಕಬೇಕು, ಎಷ್ಟು ಬಂದರೆ ಫೋನ್ ಮಾಡಬೇಕು ಎಂದು ಡಾಕ್ಟರ ಹತ್ತಿರ ಬರೆಸಿಕೊಂಡು ನರ್ಸ್ ಮೇಜಿನ ಮೇಲೆ ಅಂಟಿಸಿ.

ಸುಸ್ತಾಗಿದ್ದಾರೆ ಎಂದು ಬರೀ ಗ್ಲೂಕೋಸ್ ಡ್ರಿಪ್ ಹಾಕುವುದು ನಮ್ಮಲ್ಲಿ ಬಹಳ ಮಾಮೂಲಿ. ಕುಡಿಯುವವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹರಿಸಿದರೆ ಮೆದುಳಿಗೆ ಹಾನಿಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಥಯಮಿನ್ ಮೊದಲು. ಇದನ್ನು ನಿಮ್ಮ ಪ್ರತಿ ನರ್ಸಿಗೂ ಬಾಯಿಪಾಠ ಮಾಡಿಸಿ.

ಫಿಟ್ಸ್ ಬಂದಾಗ ಕಬ್ಬಿಣ, ಕೀ, ಈರುಳ್ಳಿ ಯಾವುದೂ ಬೇಡ. ಬಾಯಿಗೆ ಏನೂ ತುರುಕಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ಬಟ್ಟೆ ಇಡಿ, ಸಮಯ ನೋಡಿ, 108ಕ್ಕೆ ಫೋನ್ ಮಾಡಿ. ಅಡುಗೆಯವರಿಗೂ ವಾಚ್‌ಮನ್‌ಗೂ ಇದನ್ನು ಒಮ್ಮೆ ಮಾಡಿ ತೋರಿಸಿ.

ನಿದ್ದೆ ಮಾತ್ರೆ ವರ್ಷಗಟ್ಟಲೆ ನುಂಗಿದವರಿಗೆ ಒಮ್ಮೆಲೇ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಹೆರಾಯಿನ್, ನೋವಿನ ಮಾತ್ರೆ ಬಿಟ್ಟವರಿಗೆ ಮೈಕೈ ನೋವು, ಭೇದಿ, ಮೂಗು ಸೋರುವುದು, ನಿದ್ದೆ ಇಲ್ಲದಿರುವುದು. ಓಡಿಹೋಗುವವರು ಹೆಚ್ಚಾಗಿ ಇವರೇ. ನೋವು ತಡೆಯಲಾಗದೆ ಹೋಗುತ್ತಾರೆ, ಹಾಗಾಗಿ ಔಷಧಿ ಕೊಡಿಸಿ, ಬೈಯಬೇಡಿ.

8. ಆಮೇಲಿನ ದಿನಗಳು

ಬೆಳಿಗ್ಗೆ ಏಳುವ ಹೊತ್ತು, ತಿಂಡಿ, ಗುಂಪಿನ ಮಾತುಕತೆ, ಒಬ್ಬೊಬ್ಬರ ಕೌನ್ಸೆಲಿಂಗ್, ಆಟ, ಊಟ, ಸಂಜೆ ಎಎ ಮೀಟಿಂಗ್. ಎಎ ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೇ ನಡೆಸುವ ಬಳಗ. ಕನ್ನಡದಲ್ಲೂ ಮೀಟಿಂಗ್ ನಡೆಯುತ್ತವೆ, ಬಂದು ಮಾತಾಡಿ ಎಂದರೆ ದುಡ್ಡು ಕೇಳದೆ ಬರುತ್ತಾರೆ.

ಕೌನ್ಸೆಲಿಂಗ್ ಎಂದರೆ ಉಪದೇಶ ಎಂದುಕೊಂಡವರು ಜಾಸ್ತಿ. ಕುಡಿತ ಕೆಟ್ಟದ್ದು ಎಂದು ಅವರಿಗೆ ಗೊತ್ತಿಲ್ಲವಾ? ಅವರಿಗೆ ಬೇಕಾದದ್ದು ಬೇರೆ. ಸಂಬಳ ಬಂದ ದಿನ ಯಾವ ದಾರಿಯಲ್ಲಿ ಮನೆಗೆ ಹೋಗಬೇಕು? ಮದುವೆಮನೆಯ ಹಿಂದೆ ಕರೆದ ಗೆಳೆಯನಿಗೆ ಏನು ಹೇಳಬೇಕು? ಇಂಥದ್ದನ್ನು ಅವರ ಬಾಯಲ್ಲೇ ಹೇಳಿಸಿ, ನಟಿಸಿ ಅಭ್ಯಾಸ ಮಾಡಿಸಿ.

ಶಿಸ್ತಿನ ಹೆಸರಲ್ಲಿ ತಲೆ ಬೋಳಿಸಬೇಡಿ. ಒತ್ತಾಯದ ಸಮವಸ್ತ್ರ ಬೇಡ. ಸಂಬಳ ಇಲ್ಲದೆ ಪಾತ್ರೆ ತೊಳೆಸುವುದು, ಕಕ್ಕಸು ಬಳಿಸುವುದು ಬೇಡ. ಮನೆಗೆ ಫೋನ್ ಮಾಡುವುದು, ಮನೆಯವರನ್ನು ಭೇಟಿಯಾಗುವುದು ಅವರ ಹಕ್ಕು. ಹೊಡೆಯುವ ಸಿಬ್ಬಂದಿಯನ್ನು ಅದೇ ದಿನ ಕೆಲಸದಿಂದ ತೆಗೆಯಿರಿ. ಬೀಡಿಯನ್ನು ಬಹುಮಾನವಾಗಿ ಕೊಡುವ, ಶಿಕ್ಷೆಯಾಗಿ ಕಿತ್ತುಕೊಳ್ಳುವ ಕೇಂದ್ರಗಳಿವೆ. ತಂಬಾಕೂ ಚಟವೇ, ಅದಕ್ಕೆ ನಿಕೋಟಿನ್ ಗಮ್ ಇದೆ, ಡಾಕ್ಟರನ್ನು ಕೇಳಿ ಚಿಕಿತ್ಸೆ ಕೊಡಿ.

9. ಮನೆಯವರು

ವಾರಕ್ಕೊಮ್ಮೆ ಮನೆಯವರ ಮೀಟಿಂಗ್ ಇಟ್ಟುಕೊಳ್ಳಿ, ರೋಗಿ ಇಲ್ಲದೆ. ಹೆಂಡತಿ ಎಷ್ಟೋ ವರ್ಷದಿಂದ ಸಾಲಗಾರರಿಗೆ ಸುಳ್ಳು ಹೇಳಿ, ಫ್ಯಾಕ್ಟರಿಗೆ ಫೋನ್ ಮಾಡಿ "ಅವರಿಗೆ ಜ್ವರ" ಎಂದು ಹೇಳಿ ಸವೆದಿರುತ್ತಾರೆ. "ನಿಮಗೆ ನಿದ್ದೆ ಬರುತ್ತಾ?" ಎಂದು ಅವರನ್ನೂ ಕೇಳಿ. ಮನೆಯಲ್ಲಿ ಹೊಡೆತ ಇದ್ದರೆ, ಡಿಸ್ಚಾರ್ಜ್ ಮೊದಲೇ ಅವರ ಸುರಕ್ಷತೆಯ ಮಾತಾಡಿ.

ಇನ್ನೊಂದು ಎಚ್ಚರಿಕೆ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತಗೊಂಡ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ ಆಗುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅಪಾಯ ಇರುತ್ತದೆ. ಗೊತ್ತಿಲ್ಲದ ಹಾಗೆ ಸಾಂಬಾರಿಗೆ ಬೆರೆಸಿ ಕೊಡಬಹುದಾ ಎಂದು ಮನೆಯವರು ಪಿಸುಮಾತಿನಲ್ಲಿ ಕೇಳುತ್ತಾರೆ. ಕೂಡದು. ರೋಗಿ ತಿಳಿದು, ಒಪ್ಪಿ, ಡಾಕ್ಟರ್ ಪರೀಕ್ಷಿಸಿ ಕೊಟ್ಟರೆ ಮಾತ್ರ.

10. ಮನೆಗೆ ಹೋದ ಮೇಲೆ

ಹೋಗುವ ದಿನ ಒಂದು ಹಾಳೆ ಕೈಗೆ ಕೊಡಿ. ಮುಂದಿನ ಭೇಟಿ ಯಾವತ್ತು, ಯಾವ ಮಾತ್ರೆ, ಹತ್ತಿರದ ಎಎ ಮೀಟಿಂಗ್ ಎಲ್ಲಿ, ಆಸೆ ಹುಟ್ಟಿದಾಗ ಯಾರಿಗೆ ಫೋನ್ ಮಾಡಬೇಕು. ನಿಮ್ಮ ನಂಬರಿನ ಜೊತೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಎರಡನ್ನೂ ಬರೆಯಿರಿ. ನಿಮ್ಮ ಕೇಂದ್ರಕ್ಕೆ ದೂರವಾದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಚೀಟಿ ಕೊಡಿ. ಮದ್ಯವರ್ಜನ ಶಿಬಿರ ನಡೆದ ಊರಾದರೆ ಅಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ ಇರಬಹುದು, ಅವರೊಂದಿಗೆ ಸೇರಿಸಿ.

ಹೆರಾಯಿನ್ ಅಥವಾ ನೋವಿನ ಮಾತ್ರೆ ಬಿಟ್ಟವರಿಗೆ ಒಂದು ಮಾತನ್ನು ಮುಖ ನೋಡಿ ಹೇಳಿ: ತಿಂಗಳು ಬಿಟ್ಟ ಮೇಲೆ ದೇಹಕ್ಕೆ ಹಳೆಯ ಅಳತೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲು ತಗೊಳ್ಳುತ್ತಿದ್ದಷ್ಟನ್ನೇ ಒಮ್ಮೆ ತಗೊಂಡರೂ ಉಸಿರು ನಿಲ್ಲಬಹುದು. ಹೆದರಿಸಲು ಹೇಳುತ್ತಿಲ್ಲ ಎಂದೂ ಸೇರಿಸಿ.

ಮೊದಲ ಮೂರು ತಿಂಗಳು ವಾರಕ್ಕೊಂದು ಫೋನ್, ಆಮೇಲೆ ವರ್ಷದವರೆಗೆ ತಿಂಗಳಿಗೊಂದು. ಇದಕ್ಕೆ ಬೇರೆ ಪುಸ್ತಕ, ಬೇರೆ ಜವಾಬ್ದಾರಿ ಇರಲಿ. ಫೋನ್ ಎತ್ತದಿದ್ದರೆ ಕುಡಿದಿದ್ದಾರೆ ಎಂದೇ ತಿಳಿದು ಮತ್ತೆ ಮಾಡಿ. ಅವರು ಎತ್ತದಿರುವುದು ನಾಚಿಕೆಯಿಂದ.

ಮತ್ತೆ ಕುಡಿದು ಬಂದವರನ್ನು "ಅಷ್ಟು ಹೇಳಿದ್ವಲ್ಲ" ಎಂದು ಬಾಗಿಲಲ್ಲಿ ನಿಲ್ಲಿಸಬೇಡಿ. ಈ ಕಾಯಿಲೆ ಮರುಕಳಿಸುತ್ತದೆ, ಸಕ್ಕರೆ ಕಾಯಿಲೆ, ಬಿಪಿ ಏರಿಳಿದ ಹಾಗೆ. 15 ಹಾಸಿಗೆ ಇದ್ದರೆ 14 ಮಾತ್ರ ತುಂಬಿಸಿ. ಒಂದಕ್ಕೆ ಒಗೆದ ಬೆಡ್‌ಶೀಟ್ ಹಾಸಿ, ಖಾಲಿ ಬಿಡಿ. ಯಾರೋ ಒಬ್ಬರು ರಾತ್ರಿ ಹನ್ನೊಂದಕ್ಕೆ ಬಂದು, ತಲೆ ತಗ್ಗಿಸಿ ಗೇಟಿನ ಹತ್ತಿರ ನಿಲ್ಲುತ್ತಾರೆ. ಆ ಹಾಸಿಗೆ ಅವರದು.